ಎಲ್‌ಎಸ್2 ಅಲ್ಯೂಮಿನಿಯಂ ಬ್ಲಾಕೋ, ಎಲ್‌ಕ್ಯೂ9 ಬೀಡುಕಬ್ಬಿಣದ ಬ್ಲಾಕೋ? ಸರ್ಕ್ಯೂಟ್ ಕಾರಿಗೆ ಯಾವುದು ಸರಿ?

ರೆವ್‌ಲಿಮಿಟ್:

ಎಲ್ಲರಿಗೂ ನಮಸ್ಕಾರ. ಹಿಂದಿನ ಚಕ್ರ ಓಡುವ, ಎಂಜಿನ್ ಸಮೇತ 1350 ಕೆಜಿ ಆಸುಪಾಸಿನ ಕಾರಿಗೆ ಜಿಎಂ ಎಲ್‌ಎಸ್ ಕುಟುಂಬದ 6.0 ಲೀಟರ್ ವಿ8 ಕೂರಿಸಬೇಕು. ಬ್ಲಾಕ್ (ಸಿಲಿಂಡರ್‌ಗಳಿರುವ ಎಂಜಿನ್ನಿನ ಮುಖ್ಯ ಒಡಲು) ಎರಡರಲ್ಲೊಂದು: ಅಲ್ಯೂಮಿನಿಯಂನ ಎಲ್‌ಎಸ್2 ಅಥವಾ ಬೀಡುಕಬ್ಬಿಣದ ಎಲ್‌ಕ್ಯೂ9. ಎರಡಕ್ಕೂ ಬೋರ್ (ಸಿಲಿಂಡರಿನ ಒಳವ್ಯಾಸ) 101.6 ಮಿಮೀ, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 92 ಮಿಮೀ. ಒಳಗಿನ ಸಾಮಾನು ಯಾವುದಕ್ಕೆ ಹಾಕಿದರೂ ಕೂರುತ್ತದೆ. ಮೊದಲು ಟರ್ಬೊ ಇಲ್ಲದೆ 480 ಹೆಚ್‌ಪಿ, ಆಮೇಲೆ ಒಂದು ಟರ್ಬೊ ಸೇರಿಸಿ 700 ಹೆಚ್‌ಪಿ ಗುರಿ. ಕಾರಿನ ಕೆಲಸ ಸರ್ಕ್ಯೂಟ್ ಓಟ, ಒಂದೊಂದು ಸಲಕ್ಕೆ 20 ನಿಮಿಷ. ಡ್ರ್ಯಾಗ್ ಅಲ್ಲ.

ಎಲ್ಲಿ ಓದಿದರೂ "ಟರ್ಬೊ ಅಂದರೆ ಕಬ್ಬಿಣ" ಎಂದೇ ಇರುತ್ತದೆ. ಕಾರಣ ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಕಬ್ಬಿಣ ನಿಜಕ್ಕೂ ಎಷ್ಟು ಗಟ್ಟಿ? ತೂಕದ ಲಾಭ ಸರ್ಕ್ಯೂಟ್‌ನಲ್ಲಿ ಗೊತ್ತಾಗುವಷ್ಟಿದೆಯೇ? ಹಳೆಯ ಬ್ಲಾಕ್ ಕೊಳ್ಳುವಾಗ ಯಾವುದರಲ್ಲಿ ಏನು ನೋಡಬೇಕು?

ಬೋರ್‌ಗೇಜ್:

ಮೊದಲು ಗಟ್ಟಿತನದ ವಿಷಯ. "ಕಬ್ಬಿಣ ಗಟ್ಟಿ" ಅನ್ನುವ ಮಾತಿನಲ್ಲಿ ಎರಡು ಬೇರೆ ಬೇರೆ ಗುಣಗಳು ಕಲಸಿಹೋಗಿವೆ. ಎಳೆದರೆ ಹರಿಯದಿರುವುದು ಒಂದು ಗುಣ, ಭಾರ ಬಿದ್ದಾಗ ಬಾಗದಿರುವುದು ಇನ್ನೊಂದು. ಮೊದಲನೆಯದರಲ್ಲಿ ಸಾಧಾರಣ ಬೂದು ಬೀಡುಕಬ್ಬಿಣಕ್ಕೂ ಶಾಖೋಪಚಾರ ಮಾಡಿದ ಎ356 ಅಲ್ಯೂಮಿನಿಯಂಗೂ ದೊಡ್ಡ ಅಂತರವೇ ಇಲ್ಲ, ಎರಡೂ 210 ರಿಂದ 280 ಮೆಗಾಪಾಸ್ಕಲ್ ಒಳಗೆ ಬರುತ್ತವೆ. ಬಾಗದಿರುವ ಗುಣದಲ್ಲಿ ಮಾತ್ರ ಅಂತರ ದೊಡ್ಡದು. ಅಲ್ಯೂಮಿನಿಯಂನ ಸ್ಥಿತಿಸ್ಥಾಪಕತೆ 70 ಗಿಗಾಪಾಸ್ಕಲ್ ಸುಮಾರು, ಬೂದು ಕಬ್ಬಿಣದ್ದು 100 ರಿಂದ 130. ಅಷ್ಟೇ ದಪ್ಪದ ಗೋಡೆಗೆ ಅಷ್ಟೇ ಭಾರ ಬಿದ್ದರೆ ಅಲ್ಯೂಮಿನಿಯಂ ಹೆಚ್ಚು ಬಾಗುತ್ತದೆ. ಬ್ಲಾಕ್‌ನಲ್ಲಿ ಹೆಚ್ಚಾಗಿ ಕೆಡುವುದು ಈ ಬಾಗುವಿಕೆಯಿಂದಲೇ. ಬೋರ್ ದುಂಡಗಿನ ಆಕಾರ ಕಳೆದುಕೊಳ್ಳುತ್ತದೆ, ಪಿಸ್ಟನ್ ರಿಂಗ್ ಗೋಡೆಗೆ ಸರಿಯಾಗಿ ಅಂಟುವುದಿಲ್ಲ, ಹೆಡ್ ಗ್ಯಾಸ್ಕೆಟ್ (ಬ್ಲಾಕ್ ಮತ್ತು ಅದರ ಮೇಲೆ ಕೂರುವ ಹೆಡ್ ನಡುವಿನ ಸೋರಿಕೆ ತಡೆಯುವ ಹಾಳೆ) ಮೇಲಿನ ಬಿಗಿ ಒಂದೇ ಸಮ ಉಳಿಯುವುದಿಲ್ಲ. ಬ್ಲಾಕ್ ಸೀಳಿಹೋಗುವುದು ತೀರ ಕೊನೆಯ ಹಂತ.

ಬಾಗಿಸುವ ಭಾರ ಎಷ್ಟು ಅನ್ನುವುದಕ್ಕೆ ಹೆಚ್‌ಪಿ ಅಳತೆಗೋಲಲ್ಲ. ಸಿಲಿಂಡರ್ ಒಳಗಿನ ಒತ್ತಡ ನೋಡಬೇಕು. ಸುಲಭದ ಲೆಕ್ಕ ಇದೆ: ಟಾರ್ಕ್ ಅನ್ನು ನ್ಯೂಟನ್ ಮೀಟರ್‌ನಲ್ಲಿ ತೆಗೆದುಕೊಂಡು ಲೀಟರ್‌ನಿಂದ ಭಾಗಿಸಿ 0.1257ರಿಂದ ಗುಣಿಸಿದರೆ ಸರಾಸರಿ ಒತ್ತಡ ಬಾರ್‌ನಲ್ಲಿ ಸಿಗುತ್ತದೆ. ನಿಮ್ಮ ಮೊದಲ ಹಂತದಲ್ಲಿ 600 ನ್ಯೂಟನ್ ಮೀಟರ್ ಬಂದರೆ 12.6 ಬಾರ್. ಟರ್ಬೊ ಹಾಕಿ 950 ಬಂದರೆ 20 ಬಾರ್. ಇದೇ ಲೆಕ್ಕವನ್ನು 500 ನ್ಯೂಟನ್ ಮೀಟರ್ ಕೊಡುವ 2.0 ಲೀಟರ್ ಟರ್ಬೊ ಎಂಜಿನ್‌ಗೆ ಹಾಕಿ ನೋಡಿ, 31 ಬಾರ್ ದಾಟುತ್ತದೆ. 6 ಲೀಟರ್‌ನಲ್ಲಿ 700 ಹೆಚ್‌ಪಿ ಅನ್ನುವುದು ಕಿವಿಗೆ ಕೇಳಿಸುವಷ್ಟು ಕ್ರೂರ ಹೊರೆಯಲ್ಲ.

ಈಗ ತೂಕ. ಸಾಂದ್ರತೆಯಲ್ಲಿ ಕಬ್ಬಿಣ 7.2, ಅಲ್ಯೂಮಿನಿಯಂ 2.7. ಆದರೂ ಬ್ಲಾಕಿನ ತೂಕ ಮೂರನೇ ಒಂದು ಭಾಗಕ್ಕೆ ಇಳಿಯುವುದಿಲ್ಲ. ಅಲ್ಯೂಮಿನಿಯಂ ಬ್ಲಾಕಿನ ಗೋಡೆ, ಪಕ್ಕೆಲುಬು ಎಲ್ಲ ದಪ್ಪ, ಒಳಗೆ ಸಿಲಿಂಡರ್‌ಗೆ ಕಬ್ಬಿಣದ ಲೈನರ್ (ಒಳಕೊಳವೆ), ಕೆಳಗೆ ಕ್ರ್ಯಾಂಕ್ ಹಿಡಿಯುವ ಕಬ್ಬಿಣದ ಮೇನ್ ಕ್ಯಾಪ್. ಬೋಳು ಬ್ಲಾಕಿಗೆ ಬ್ಲಾಕ್ ಹೋಲಿಸಿದರೆ ಈ ಕುಟುಂಬದಲ್ಲಿ 40-45 ಕೆಜಿ ಉಳಿಯುತ್ತದೆ. 42 ಎಂದು ಹಿಡಿಯೋಣ. ಕಬ್ಬಿಣದ ಬ್ಲಾಕಿನೊಂದಿಗೆ ಕಾರು 1350 ಕೆಜಿ ಇದ್ದು ಮುಂದೆ 54, ಹಿಂದೆ 46 ಪಾಲು ಇದ್ದರೆ ಮುಂದಿನ ಆಕ್ಸಲ್ ಮೇಲೆ 729 ಕೆಜಿ. ತೆಗೆದ 42ರಲ್ಲಿ 36 ಮುಂದಿನಿಂದಲೇ ಹೋಗುತ್ತದೆ. ಉಳಿದದ್ದು 693, ಒಟ್ಟು 1308ರಲ್ಲಿ 53 ಪಾಲು. ಅಂದರೆ ಒಂದು ಪಾಲು ಹಿಂದಕ್ಕೆ ಸರಿಯಿತು. ನೇರ ರಸ್ತೆಯಲ್ಲಿ ಇದು 3% ತೂಕ, 500 ಹೆಚ್‌ಪಿ ಎಂಜಿನ್‌ಗೆ 15 ಹೆಚ್‌ಪಿ ಸೇರಿಸಿದಂತೆ. ಅದಕ್ಕಿಂತ ದೊಡ್ಡ ಲಾಭ ಬ್ರೇಕ್ ಹಿಡಿದು ತಿರುವಿಗೆ ನುಗ್ಗುವಾಗ. 20 ನಿಮಿಷ ಎಡೆಬಿಡದೆ ಓಡುವ ಕಾರಿನಲ್ಲಿ ಮುಂದಿನ ಟೈರ್ ಮತ್ತು ಬ್ರೇಕ್ ಆ 36 ಕೆಜಿಯನ್ನು ಪ್ರತಿ ತಿರುವಿನಲ್ಲೂ ಹೊರಬೇಕು. ಡ್ರ್ಯಾಗ್ ಕಾರಿಗೆ ಇದು ದೊಡ್ಡ ವಿಷಯವಲ್ಲ, ನಿಮ್ಮ ಕಾರಿಗೆ ಹೌದು.

ನನ್ನ ಅಭಿಪ್ರಾಯ: 700 ಹೆಚ್‌ಪಿಗೆ ನಿಲ್ಲುವುದಾದರೆ ಎಲ್‌ಎಸ್2. ಸಾವಿರದ ಕಡೆಗೆ ಮನಸ್ಸು ಓಡುತ್ತಿದ್ದರೆ ಈಗಲೇ ಕಬ್ಬಿಣ ತೆಗೆದುಕೊಳ್ಳಿ.

ಬೀಡುಬ್ಲಾಕ್:

ಬೋರ್‌ಗೇಜ್ ಅವರ ಲೆಕ್ಕ ಸರಿ. ಆದರೆ ಸವೆದ ಬ್ಲಾಕನ್ನು ಮತ್ತೆ ಕೆಲಸಕ್ಕೆ ತರುವ ವಿಷಯ ಅದರಲ್ಲಿ ಬಿಟ್ಟುಹೋಗಿದೆ. ಹಳೆಯದನ್ನು ಕೊಳ್ಳುವವರಿಗೆ ಅದೇ ಮುಖ್ಯ.

ಎಲ್‌ಕ್ಯೂ9ರ ಬೋರ್ ಸವೆದಿದ್ದರೆ 0.76 ಮಿಮೀ ದೊಡ್ಡದು ಮಾಡಿ ಓವರ್‌ಸೈಜ್ ಪಿಸ್ಟನ್ ಹಾಕಿದರಾಯಿತು, ಇದು ದಿನನಿತ್ಯದ ಕೆಲಸ. ಎಲ್‌ಎಸ್2ರಲ್ಲಿ ಲೈನರ್ ತೆಳುವು. ಹೋನ್ ಮಾಡಿ (ಕಲ್ಲಿನಿಂದ ಬೋರ್ ತಿಕ್ಕಿ) 0.10 ರಿಂದ 0.25 ಮಿಮೀ ತೆಗೆಯಬಹುದು, ಅದರಾಚೆ ಜಾಗವಿಲ್ಲ. ಒಂದು ಸಿಲಿಂಡರ್‌ನಲ್ಲಿ ಆಳವಾದ ಗೀರು ಇದ್ದರೆ ಆ ಬ್ಲಾಕಿಗೆ ಹೊಸ ಸ್ಲೀವ್ (ಬದಲಿ ಲೈನರ್) ಹಾಕಬೇಕು, ಇಲ್ಲವೇ ಕೈಬಿಡಬೇಕು. ಆದ್ದರಿಂದ ಎಲ್‌ಎಸ್2 ನೋಡಲು ಹೋದಾಗ ಉಗುರಿಗೆ ಸಿಕ್ಕುವ ಗೀರು ಕಂಡರೆ ಮುಂದಿನ ಮಾತೇ ಬೇಡ.

ಕಬ್ಬಿಣದ ಬ್ಲಾಕಿನಲ್ಲಿ ನೋಡಬೇಕಾದದ್ದು ಬೇರೆ. ಎರಕ ಹೊಯ್ಯುವಾಗ ಒಳಗಿನ ಮರಳಿನ ಅಚ್ಚು ಒಂದಿಷ್ಟು ಪಕ್ಕಕ್ಕೆ ಸರಿದಿದ್ದರೆ ಸಿಲಿಂಡರ್ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ ಬರುತ್ತದೆ. ಹೊರಗಿನಿಂದ ಇದು ಕಾಣುವುದಿಲ್ಲ. ಬೋರ್ ದೊಡ್ಡದು ಮಾಡುವ ಮೊದಲು ಅಲ್ಟ್ರಾಸೋನಿಕ್ ದಪ್ಪದ ಮೀಟರ್ ಹಿಡಿದು ಪ್ರತಿ ಸಿಲಿಂಡರ್‌ನಲ್ಲೂ ಮೇಲೆ, ನಡುವೆ, ಕೆಳಗೆ, ನಾಲ್ಕೂ ದಿಕ್ಕಿನಲ್ಲಿ ಅಳೆಸಿ. ಪಿಸ್ಟನ್ ಒತ್ತಿಕೊಂಡು ಇಳಿಯುವ ಥ್ರಸ್ಟ್ ಬದಿಯಲ್ಲಿ, ಬೋರ್ ಮಾಡಿದ ಮೇಲೂ, 5 ಮಿಮೀ ಉಳಿಯಬೇಕು. ಬೇರೆ ಬದಿಗಳಲ್ಲಿ 3.8 ಇದ್ದರೆ ನಡೆಯುತ್ತದೆ. ಅಷ್ಟು ಉಳಿಯದಿದ್ದರೆ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿದಾಗ ಗೋಡೆ ಉಬ್ಬಿ ರಿಂಗ್ ದಾಟಿ ಗಾಳಿ ಸೋರುತ್ತದೆ, ಕೊನೆಗೆ ಉದ್ದಕ್ಕೆ ಬಿರುಕು ಬಿಡುತ್ತದೆ. ಸಿಲಿಂಡರ್ ಸುತ್ತಲಿನ ನೀರಿನ ಅಂಗಳದಲ್ಲಿ ತುಕ್ಕು ಹಿಡಿದು ಗೋಡೆ ಒಳಗಿನಿಂದ ತಿಂದುಹೋಗಿದ್ದರೂ ಇದೇ ಮೀಟರ್ ತೋರಿಸುತ್ತದೆ. ಕೊನೆಗೆ ಮ್ಯಾಗ್ನೆಟಿಕ್ ಕ್ರ್ಯಾಕ್ ಟೆಸ್ಟ್. ಇದು ಕಬ್ಬಿಣಕ್ಕೆ ಮಾತ್ರ ಆಗುತ್ತದೆ. ಅಲ್ಯೂಮಿನಿಯಂ ಬ್ಲಾಕಿಗೆ ಬಣ್ಣ ಹೊಕ್ಕು ಬಿರುಕು ತೋರುವ ಡೈ ಟೆಸ್ಟ್ ಮತ್ತು ಒತ್ತಡ ತುಂಬಿ ಸೋರಿಕೆ ನೋಡುವ ಪರೀಕ್ಷೆ.

ಬೀಡುಕಬ್ಬಿಣದ ತಾಕತ್ತಿಗೆ ಒಂದೇ ಉದಾಹರಣೆ ಸಾಕು. 1983ರಲ್ಲಿ ನೆಲ್ಸನ್ ಪಿಕೆ ಬ್ರ್ಯಾಬಮ್ ಕಾರಿನಲ್ಲಿ ಫಾರ್ಮುಲಾ 1 ಚಾಂಪಿಯನ್ ಆದದ್ದು ಬಿಎಂಡಬ್ಲ್ಯೂನ 1.5 ಲೀಟರ್ ಟರ್ಬೊ ಎಂಜಿನ್‌ನಿಂದ. ಅದರ ಬ್ಲಾಕಿನ ಮೂಲ ರಸ್ತೆ ಕಾರುಗಳ ಎಂ10 ಎಂಜಿನ್ನಿನ ಬೀಡುಕಬ್ಬಿಣದ ಬ್ಲಾಕ್. ಅರ್ಹತಾ ಸುತ್ತಿಗೆ ಬೂಸ್ಟ್ ಏರಿಸಿದಾಗ ಆ ಎಂಜಿನ್ ಸಾವಿರ ಹೆಚ್‌ಪಿ ದಾಟಿತ್ತು. ಟೊಯೋಟಾ 2ಜೆಝಡ್, ನಿಸಾನ್ ಆರ್‌ಬಿ26, ಮಿತ್ಸುಬಿಷಿ 4ಜಿ63 ಮೂರೂ ಹೆಸರು ಮಾಡಿದ್ದು ಕಬ್ಬಿಣದ ಬ್ಲಾಕಿನಿಂದಲೇ. ಬೂದು ಕಬ್ಬಿಣದೊಳಗಿನ ಗ್ರಾಫೈಟ್ ಪದರಗಳು ಕಂಪನವನ್ನೂ ನುಂಗುತ್ತವೆ. ಆ ಗುಣ ಅಲ್ಯೂಮಿನಿಯಂಗೆ ಇಲ್ಲ.

ಇನ್ನೊಂದು ಮಾತು. ಕಬ್ಬಿಣವೆಂದರೆ ಬೂದು ಕಬ್ಬಿಣವೊಂದೇ ಅಲ್ಲ. ಗ್ರಾಫೈಟ್ ಹುಳುವಿನಾಕಾರದಲ್ಲಿ ಕೂರುವ ಸಿಜಿಐ ಎಂಬ ಬಗೆಯಲ್ಲಿ ಎಳೆತದ ಬಲ 400-500 ಮೆಗಾಪಾಸ್ಕಲ್, ಬಾಗದ ಗುಣ 140 ಗಿಗಾಪಾಸ್ಕಲ್ ಮೇಲೆ. ಗೋಡೆ ತೆಳ್ಳಗೆ ಹೊಯ್ದು ತೂಕ ಇಳಿಸಬಹುದು. ನ್ಯಾಸ್‌ಕಾರ್ ಕಪ್ ಎಂಜಿನ್‌ಗಳ ಬ್ಲಾಕ್ ಇದರದ್ದು. ಫೋರ್ಡ್‌ನ 2.7 ಲೀಟರ್ ಇಕೋಬೂಸ್ಟ್ ವಿ6ರಲ್ಲಿ ಮೇಲಿನ ಭಾಗ ಸಿಜಿಐ, ಕೆಳಗಿನ ಚೌಕಟ್ಟು ಅಲ್ಯೂಮಿನಿಯಂ. ಕಬ್ಬಿಣದ ಕಾಲ ಮುಗಿಯಿತು ಅನ್ನುವವರು ಈ ಎಂಜಿನ್ ಬಿಚ್ಚಿದ ಚಿತ್ರ ನೋಡಬೇಕು.

ಅಲ್ಲಾಯ್:

ಬೀಡುಬ್ಲಾಕ್ ಅವರೇ, 2ಜೆಝಡ್ ಗಟ್ಟಿ ಅನ್ನುವುದು ನಿಜ. ಆದರೆ ಅದು ಕಬ್ಬಿಣ ಅನ್ನುವುದಷ್ಟೇ ಕಾರಣವಲ್ಲ. ಏಳು ಮೇನ್ ಬೇರಿಂಗ್, ದಪ್ಪ ಗೋಡೆ, ಮುಚ್ಚಿದ ಡೆಕ್ (ಹೆಡ್ ಕೂರುವ ಬ್ಲಾಕಿನ ಮೇಲ್ಮೈ). ಆ ಡೆಕ್ ವಿಷಯ ಇಲ್ಲಿ ಇನ್ನೂ ಯಾರೂ ಎತ್ತಿಲ್ಲ. ಲೋಹಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಅದು.

ಹೆಡ್ ಬಿಚ್ಚಿ ಮೇಲಿನಿಂದ ನೋಡಿದಾಗ ಸಿಲಿಂಡರ್ ಸುತ್ತ ನೀರಿನ ಕಾಲುವೆ ಪೂರ್ತಿ ತೆರೆದಿದ್ದರೆ ಅದು ತೆರೆದ ಡೆಕ್. ಸಿಲಿಂಡರ್‌ಗಳು ಬುಡದಲ್ಲಷ್ಟೇ ಹಿಡಿದುಕೊಂಡು ಕೊಳವೆಯ ಹಾಗೆ ನಿಂತಿರುತ್ತವೆ. ಬೂಸ್ಟ್ ಹೆಚ್ಚಾದಾಗ ಮೇಲ್ತುದಿ ಅಲುಗಾಡುತ್ತದೆ, ಅದರೊಂದಿಗೆ ಗ್ಯಾಸ್ಕೆಟ್ ಉಜ್ಜಿಹೋಗುತ್ತದೆ. ಹೋಂಡಾ ಬಿ ಸರಣಿ, ಬಿಎಂಡಬ್ಲ್ಯೂ ಎನ್54 ಈ ಬಗೆಯವು. ನೀರಿಗೆ ಸಣ್ಣ ತೂತುಗಳನ್ನಷ್ಟೇ ಬಿಟ್ಟು ಉಳಿದದ್ದೆಲ್ಲ ಲೋಹವಿದ್ದರೆ ಮುಚ್ಚಿದ ಡೆಕ್. ಬಿಎಂಡಬ್ಲ್ಯೂ ಎಸ್55 ಮತ್ತು ಬಿ58ರಲ್ಲಿ ಡೆಕ್ ಮುಚ್ಚಿದೆ, ಅಲ್ಯೂಮಿನಿಯಂ ಆಗಿದ್ದೂ ಒಳ್ಳೆಯ ಒತ್ತಡ ತಡೆಯುತ್ತವೆ. ಅಲ್ಯೂಮಿನಿಯಂ ಬ್ಲಾಕ್ ದುರ್ಬಲ ಎಂಬ ಹೆಸರಿನ ಬಹುಪಾಲು ತೆರೆದ ಡೆಕ್‌ನಿಂದ ಬಂದದ್ದು. ತೆರೆದ ಡೆಕ್‌ಗೆ ಮೇಲಿನಿಂದ ಬಡಿದು ಕೂರಿಸುವ ಬ್ಲಾಕ್ ಗಾರ್ಡ್ ಎಂಬ ತಟ್ಟೆ ಸಿಗುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಬಿಗಿಯಾಗಿ ಬಡಿದರೆ ಬೋರ್ ಸೊಟ್ಟಗಾಗುತ್ತದೆ. ಮೇಲಾಗಿ ಅತಿ ಬಿಸಿಯಾಗುವ ಜಾಗಕ್ಕೆ ನೀರು ಹೋಗುವುದನ್ನು ಅದು ತಡೆಯುತ್ತದೆ. ಎಲ್‌ಎಸ್2ರಲ್ಲಿ ಈ ತಲೆನೋವಿಲ್ಲ, ಡೆಕ್ ಮುಚ್ಚಿದೆ, ಮೇನ್ ಕ್ಯಾಪ್ ಒಂದೊಂದಕ್ಕೂ ಆರು ಬೋಲ್ಟ್, ಬ್ಲಾಕಿನ ಪಕ್ಕೆ ಕ್ರ್ಯಾಂಕ್‌ಗಿಂತ ಕೆಳಗೆ ಇಳಿದಿದೆ.

ಎರಡನೆಯದು ಬೋರ್‌ನ ಒಳಮೈ. ಅಲ್ಯೂಮಿನಿಯಂ ಮೇಲೆ ಅಲ್ಯೂಮಿನಿಯಂ ಪಿಸ್ಟನ್ ನೇರವಾಗಿ ಓಡಿದರೆ ಕಚ್ಚಿಕೊಳ್ಳುತ್ತದೆ, ಅದಕ್ಕೆ ಏನಾದರೂ ಒಂದು ಮೈ ಬೇಕು. ಆ ಮೈ ಯಾವುದು ಅನ್ನುವುದರ ಮೇಲೆ ಮುಂದಿನ ರಿಪೇರಿಯೆಲ್ಲ ನಿಂತಿದೆ.

ಎರಕದಲ್ಲೇ ಸೇರಿಸಿದ ಕಬ್ಬಿಣದ ಲೈನರ್ ಎಲ್ಲಕ್ಕಿಂತ ಸುಲಭ, ಮಾಮೂಲಿ ಹೋನಿಂಗ್ ಕಲ್ಲು ನಡೆಯುತ್ತದೆ. ಎಲ್‌ಎಸ್2 ಈ ಬಗೆ.

ನಿಕಾಸಿಲ್ ಅಂದರೆ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಲೇಪ. ಒಂದು ಮಿಮೀಯ ಹತ್ತನೇ ಒಂದು ಭಾಗದಷ್ಟು ತೆಳುವು, ಬೋರ್ ದೊಡ್ಡದು ಮಾಡಲಾಗದು, ಸವೆದರೆ ಕಿತ್ತು ಮತ್ತೆ ಲೇಪಿಸಬೇಕು. 1990ರ ದಶಕದಲ್ಲಿ ಬಿಎಂಡಬ್ಲ್ಯೂ ಎಂ60 ವಿ8 ಎಂಜಿನ್‌ಗಳಲ್ಲಿ ಪೆಟ್ರೋಲ್‌ನ ಗಂಧಕ ಈ ಲೇಪವನ್ನು ತಿಂದುಹಾಕಿದ್ದು ಗೊತ್ತಿರುವ ಸಂಗತಿ.

ಅಲುಸಿಲ್ ಬಗೆಯಲ್ಲಿ ಬ್ಲಾಕಿನ ಲೋಹದಲ್ಲೇ 17% ಸಿಲಿಕಾನ್ ಇರುತ್ತದೆ. ಬೋರ್ ಮಾಡಿದ ಮೇಲೆ ಅಲ್ಯೂಮಿನಿಯಂ ಅನ್ನು ಒಂದು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ ಸಿಲಿಕಾನ್ ಹರಳುಗಳು ತಲೆ ಎತ್ತುವಂತೆ ಪೇಸ್ಟ್ ಹಾಕಿ ತಿಕ್ಕಬೇಕು, ರಿಂಗ್ ಓಡುವುದು ಆ ಹರಳುಗಳ ಮೇಲೆ. ಮಾಮೂಲಿ ಹೋನ್ ಹಾಕಿದರೆ ಹರಳು ಒಡೆದು ಬೋರ್ ಹಾಳು. ಪಿಸ್ಟನ್ ಸ್ಕರ್ಟ್‌ಗೂ ಕಬ್ಬಿಣದ ಲೇಪ ಬೇಕು, ಬೇರೆ ಪಿಸ್ಟನ್ ಸಿಕ್ಕಿತೆಂದು ಹಾಗೇ ಹಾಕುವಂತಿಲ್ಲ. ಲೈನರ್ ಇಲ್ಲದ ಈ ದಾರಿಯನ್ನು ಶೆವರ್ಲೆ ವೆಗಾ 1971ರಲ್ಲೇ ತುಳಿದಿತ್ತು. ಅದರ ಬ್ಲಾಕ್ ಅಲ್ಯೂಮಿನಿಯಂ, ಹೆಡ್ ಕಬ್ಬಿಣ. ಬಿಸಿಯಾದಾಗ ಎರಡೂ ಬೇರೆ ಬೇರೆ ಅಳತೆಯಲ್ಲಿ ಹಿಗ್ಗುತ್ತಿದ್ದವು. ಎಂಜಿನ್ ಕುದಿದು ಬೋರ್ ಸವೆದು ಅಲ್ಯೂಮಿನಿಯಂ ಬ್ಲಾಕಿಗೆ ಬಂದ ಕೆಟ್ಟ ಹೆಸರು ಬಹಳ ವರ್ಷ ಉಳಿಯಿತು.

ಇನ್ನು ಕಬ್ಬಿಣದ ತಂತಿಯನ್ನು ಪ್ಲಾಸ್ಮಾದಲ್ಲಿ ಕರಗಿಸಿ ಬೋರ್‌ಗೆ ಸಿಂಪಡಿಸುವ ವಿಧಾನ. ನಿಸಾನ್ ಜಿಟಿ-ಆರ್‌ನ ವಿಆರ್38ರಲ್ಲಿ, 2018ರ ನಂತರದ ಫೋರ್ಡ್ ಮಸ್ಟ್ಯಾಂಗ್ 5.0ರಲ್ಲಿ ಇದೇ ಇದೆ. ಪದರ 0.15 ಮಿಮೀ ಸುಮಾರು. ಲೈನರ್‌ನ ತೂಕ ಇಲ್ಲ, ಶಾಖ ನೇರ ಅಲ್ಯೂಮಿನಿಯಂಗೆ ಇಳಿಯುತ್ತದೆ. ಪದರ ಕಿತ್ತುಬಂದರೆ ಮಾತ್ರ ಸಾಮಾನ್ಯ ಮೆಷಿನ್ ಶಾಪ್‌ನಲ್ಲಿ ದಾರಿಯಿಲ್ಲ.

ಶಾಖದ ಮಾತು ಬಂದದ್ದರಿಂದ ಹೇಳುತ್ತೇನೆ. ಎರಕದ ಅಲ್ಯೂಮಿನಿಯಂ ಬೂದು ಕಬ್ಬಿಣಕ್ಕಿಂತ ಎರಡೂವರೆಯಿಂದ ಮೂರು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಸರ್ಕ್ಯೂಟ್ ಓಟದಲ್ಲಿ ಸಿಲಿಂಡರ್ ಮೇಲ್ಭಾಗದ ಬಿಸಿ ಒಂದೆಡೆ ನಿಲ್ಲದೆ ಹರಡಿಹೋಗುತ್ತದೆ, 20 ನಿಮಿಷದ ಓಟಕ್ಕೆ ಇದು ಬೇಕಾದ ಗುಣ. ಆದರೆ ನೀರು ಖಾಲಿಯಾಗಿ ಎಂಜಿನ್ ಕುದ್ದರೆ ಕಬ್ಬಿಣ ತಡೆದುಕೊಳ್ಳುವಷ್ಟು ಅಲ್ಯೂಮಿನಿಯಂ ತಡೆದುಕೊಳ್ಳುವುದಿಲ್ಲ. ಅದಕ್ಕೆ ಬಲ ಕೊಟ್ಟ ಶಾಖೋಪಚಾರದ ಕೊನೆಯ ಹಂತ ನಡೆಯುವುದೇ 155-170 ಡಿಗ್ರಿಯ ಸುಮಾರಿಗೆ. ಅದಕ್ಕಿಂತ ಬಹಳ ಮೇಲೆ ಹೋದರೆ ಲೋಹ ಮೆತ್ತಗಾಗುತ್ತದೆ, ತಣ್ಣಗಾದ ಮೇಲೂ ಮೊದಲಿನ ಬಲ ಬರುವುದಿಲ್ಲ. ಹಳೆಯ ಎಲ್‌ಎಸ್2 ಕೊಳ್ಳುವಾಗ ಡೆಕ್ ಮೇಲೆ ಗಡಸುತನದ ಪರೀಕ್ಷೆ ಮಾಡಿಸಿ. ಬ್ರಿನೆಲ್ ಅಳತೆ 70-80 ಆಸುಪಾಸಿನಲ್ಲಿ ಇರಬೇಕು, 60ರ ಕೆಳಗಿದ್ದರೆ ಅದು ಕುದ್ದ ಬ್ಲಾಕ್.

ರೆವ್‌ಲಿಮಿಟ್:

ಇಷ್ಟು ವಿವರ ನಿರೀಕ್ಷಿಸಿರಲಿಲ್ಲ, ಧನ್ಯವಾದ. 700 ಹೆಚ್‌ಪಿಗೆ ನಿಲ್ಲುವುದು ಖಚಿತ, ಹಾಗಾಗಿ ಎಲ್‌ಎಸ್2. ಜೋಡಿಸುವಾಗ ಕಬ್ಬಿಣದ ಬ್ಲಾಕಿನ ಅಳತೆಗಳನ್ನೇ ಬಳಸಿದರೆ ಏನು ತಪ್ಪಾಗುತ್ತದೆ? ಹೋನಿಂಗ್, ಬೇರಿಂಗ್, ಸ್ಟಡ್ (ತಲೆಯಿಲ್ಲದ, ನಟ್ ಹಾಕಿ ಬಿಗಿಯುವ ಬೋಲ್ಟ್) ಇವುಗಳ ಬಗ್ಗೆ ಹೇಳಿ. ಒಂದು ವೇಳೆ ಲೈನರ್ ಕೆಟ್ಟಿದ್ದರೆ ಸ್ಲೀವ್ ಹಾಕಿಸುವುದು ಯೋಗ್ಯವೇ?

ಟಾರ್ಕ್‌ಪ್ಲೇಟ್:

ಕಬ್ಬಿಣದ ಅಳತೆ ಹಾಕಿದರೆ ತಪ್ಪಾಗುವುದು ಒಂದೇ ಕಾರಣಕ್ಕೆ, ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಕೆಳಗಿನದೆಲ್ಲ ಆ ಒಂದು ಮಾತಿನಿಂದಲೇ ಹುಟ್ಟುವುದು.

ಮೇನ್ ಬೇರಿಂಗ್‌ನಿಂದ ಶುರು ಮಾಡಿ. ಜರ್ನಲ್ (ಬೇರಿಂಗ್ ಒಳಗೆ ತಿರುಗುವ ಕ್ರ್ಯಾಂಕ್ ಭಾಗ) 65 ಮಿಮೀ. ಬ್ಲಾಕ್ 20ರಿಂದ 90 ಡಿಗ್ರಿಗೆ ಏರಿದಾಗ, ಸುತ್ತ ಪೂರ್ತಿ ಅಲ್ಯೂಮಿನಿಯಂ ಇದ್ದಿದ್ದರೆ ಸಂದು 0.045 ಮಿಮೀ ಹಿಗ್ಗುತ್ತಿತ್ತು. ಕೆಳಗಿನ ಕ್ಯಾಪ್ ಕಬ್ಬಿಣದ್ದಾದ್ದರಿಂದ ಅಷ್ಟಾಗುವುದಿಲ್ಲ, ಆದರೂ ಹಿಗ್ಗುತ್ತದೆ. ಕಬ್ಬಿಣದ ಬ್ಲಾಕಿಗೆ ತಣ್ಣಗಿರುವಾಗ 0.055-0.065 ಇಟ್ಟರೆ ಸರಿ. ಎಲ್‌ಎಸ್2ಗೆ 0.045-0.055ರಲ್ಲಿ ಇಡಿ. ಕಬ್ಬಿಣದ ಸಂದು ಇಲ್ಲಿ ಇಟ್ಟರೆ ಬಿಸಿಯಾದ ಮೇಲೆ ಆಯಿಲ್ ಪ್ರೆಶರ್ ಬೀಳುತ್ತದೆ, ಆಗ ಆಯಿಲ್ ಪಂಪ್ ಕೆಟ್ಟಿದೆ ಎಂದು ಅದನ್ನು ಬದಲಿಸುವವರೇ ಹೆಚ್ಚು. ಸಂದು ಬಿಗಿ ಇಟ್ಟ ಎಂಜಿನ್ ಅನ್ನು ತಣ್ಣಗಿರುವಾಗ ಹೆಚ್ಚು ಆರ್‌ಪಿಎಂಗೆ ಎಳೆಯಬೇಡಿ. ನೀರಿನ ಮುಳ್ಳು ಏರಿದ ಮೇಲೂ ಆಯಿಲ್ ಬಿಸಿಯಾಗಲು ಸಮಯ ಬೇಕು.

ಮೇನ್‌ಗೆ ಬೋಲ್ಟ್ ಬದಲು ಸ್ಟಡ್ ಹಾಕುವುದಾದರೆ ಕ್ಯಾಪ್ ಮೇಲಿನ ಎಳೆತ ಬದಲಾಗಿ ಬೇರಿಂಗ್ ಮನೆಯ ದುಂಡು ಕೆಡುತ್ತದೆ. ಸ್ಟಡ್ ಹಾಕಿ ಪೂರ್ತಿ ಟಾರ್ಕ್ ಕೊಟ್ಟು ಅಳೆಸಿ, ಬೇಕಿದ್ದರೆ ಲೈನ್ ಹೋನ್ (ಬೇರಿಂಗ್ ಮನೆಗಳನ್ನೆಲ್ಲ ಒಂದೇ ನೇರಕ್ಕೆ ತಿಕ್ಕುವುದು) ಮಾಡಿಸಿ. ಸ್ಟಡ್ ಕೊಂಡು ತಂದು ಹಾಗೇ ಸಿಕ್ಕಿಸಿ ಮುಗಿಸುವ ಕೆಲಸ ಇದಲ್ಲ.

ಹೋನಿಂಗ್ ಅನ್ನು ಟಾರ್ಕ್ ಪ್ಲೇಟ್ ಇಲ್ಲದೆ ಮಾಡಿಸಲೇಬೇಡಿ. ಹೆಡ್‌ನ ಜಾಗದಲ್ಲಿ ದಪ್ಪ ತಟ್ಟೆ ಇಟ್ಟು, ಮುಂದೆ ಹಾಕಲಿರುವ ಅದೇ ಸ್ಟಡ್, ಅದೇ ಬಗೆಯ ಗ್ಯಾಸ್ಕೆಟ್, ಅದೇ ಟಾರ್ಕ್ ಕೊಟ್ಟು, ಮೇನ್ ಕ್ಯಾಪ್‌ಗಳನ್ನೂ ಬಿಗಿದು ಹೋನ್ ಮಾಡಬೇಕು. ಸ್ಟಡ್ ಎಳೆದಾಗ ಸಿಲಿಂಡರ್ ಗೋಡೆ ಒಂದೆರಡು ನೂರನೇ ಮಿಮೀ ಒಳಗೆ ಹೊರಗೆ ಸರಿಯುತ್ತದೆ, ಮೃದು ಬ್ಲಾಕಿನಲ್ಲಿ ಇನ್ನೂ ಹೆಚ್ಚು. ತಟ್ಟೆ ಇಲ್ಲದೆ ದುಂಡಗೆ ಮಾಡಿದ ಬೋರ್ ಹೆಡ್ ಬಿಗಿದೊಡನೆ ಸೊಟ್ಟ. ಬೋಲ್ಟ್ ಹಾಕಿ ಹೋನ್ ಮಾಡಿಸಿ ಆಮೇಲೆ ಸ್ಟಡ್‌ಗೆ ಬದಲಿಸಿದರೂ ಅದೇ ಕಥೆ. ಲೈನರ್ ತೆಳುವಾದ್ದರಿಂದ ಕಲ್ಲಿನ ಒತ್ತಡ ಕಡಿಮೆ ಇಟ್ಟು ನಿಧಾನ ತೆಗೆಯಬೇಕು, ನಡುನಡುವೆ ತಣಿಯಲು ಬಿಟ್ಟು ಅಳೆಯಬೇಕು.

ಹೆಡ್ ಸ್ಟಡ್‌ನ ಥ್ರೆಡ್ ಅಲ್ಯೂಮಿನಿಯಂನಲ್ಲಿ ಸುಲಭಕ್ಕೆ ಕಿತ್ತುಬರುತ್ತದೆ. ಕಬ್ಬಿಣದಲ್ಲಿ ವ್ಯಾಸದ ಒಂದೂವರೆ ಪಟ್ಟು ಆಳ ಹಿಡಿದರೆ ಸಾಕಾಗುವ ಕಡೆ ಅಲ್ಯೂಮಿನಿಯಂಗೆ ಎರಡರಿಂದ ಎರಡೂವರೆ ಪಟ್ಟು ಬೇಕು. ಇಲ್ಲಿ ಎಂ11 ಥ್ರೆಡ್. ತೂತನ್ನು ಥ್ರೆಡ್ ಚೇಸರ್‌ನಿಂದ ಸ್ವಚ್ಛ ಮಾಡಿ. ಹೊಸ ಥ್ರೆಡ್ ಕತ್ತರಿಸುವ ಟ್ಯಾಪ್ ಹಾಕಿದರೆ ಲೋಹ ಕೆರೆದು ಸಡಿಲವಾಗುತ್ತದೆ. ತೂತುಗಳ ತಳ ಮುಚ್ಚಿದೆ, ಒಳಗೆ ಆಯಿಲ್ ಅಥವಾ ಕೂಲಂಟ್ ನಿಂತಿದ್ದರೆ ಸ್ಟಡ್ ತಿರುಗಿಸುವಾಗ ದ್ರವಕ್ಕೆ ಹೋಗಲು ಜಾಗವಿಲ್ಲದೆ ಬ್ಲಾಕ್ ಸೀಳುತ್ತದೆ. ಗಾಳಿ ಊದಿ ಒಣಗಿಸಿ. ಸ್ಟಡ್ ಅನ್ನು ಕೈಬಿಗಿಗೆ ಇಳಿಸಿ ಸಾಕು, ಟಾರ್ಕ್ ಏನಿದ್ದರೂ ಮೇಲಿನ ನಟ್‌ಗೆ. ಸ್ಟಡ್ ಜೊತೆ ಬರುವ ಗ್ರೀಸನ್ನೇ ನಟ್‌ನ ಥ್ರೆಡ್‌ಗೂ ವಾಷರ್ ಮುಖಕ್ಕೂ ಹಚ್ಚಿ ಮೂರು ಹಂತದಲ್ಲಿ ನಡುವಿನಿಂದ ಹೊರಕ್ಕೆ ಬಿಗಿಯಿರಿ. ಗ್ರೀಸ್ ಬದಲು ಆಯಿಲ್ ಹಾಕಿದರೆ ಅದೇ ಟಾರ್ಕ್‌ಗೆ ಎಳೆತ ಬೇರೆ.

ಈ ಎಂಜಿನ್‌ನಲ್ಲಿ ಒಂದು ಸಿಲಿಂಡರ್ ಸುತ್ತ ದಪ್ಪ ಬೋಲ್ಟ್ ನಾಲ್ಕೇ. 101.6 ಮಿಮೀ ಬೋರ್‌ನಲ್ಲಿ ಒತ್ತಡ 100 ಬಾರ್ ಮುಟ್ಟಿದ ಕ್ಷಣ ಹೆಡ್ ಅನ್ನು ಮೇಲಕ್ಕೆತ್ತುವ ಬಲ 8 ಟನ್ ದಾಟುತ್ತದೆ. ಅದಕ್ಕಾಗಿಯೇ ಜಿಎಂ ರೇಸಿಂಗ್‌ಗೆಂದು ಮಾಡಿದ ಎಲ್‌ಎಸ್‌ಎಕ್ಸ್ ಕಬ್ಬಿಣದ ಬ್ಲಾಕಿನಲ್ಲಿ ಸಿಲಿಂಡರ್‌ಗೆ ಆರು ಬೋಲ್ಟ್ ಇಟ್ಟದ್ದು. ನಿಮ್ಮ 20 ಬಾರ್ ಸರಾಸರಿಗೆ ಒಳ್ಳೆಯ ಸ್ಟಡ್ ಮತ್ತು ಬಹುಪದರ ಉಕ್ಕಿನ ಗ್ಯಾಸ್ಕೆಟ್ ಸಾಕು. ಆದರೆ ಆ ಗ್ಯಾಸ್ಕೆಟ್‌ಗೆ ಮೈ ನುಣುಪಾಗಿರಬೇಕು. ಒರಟುತನದ ಆರ್‌ಎ ಅಳತೆ 1.25 ಮೈಕ್ರಾನ್ ಮೀರಬಾರದು, 0.75 ಸುಮಾರಿಗೆ ಬಂದರೆ ಒಳ್ಳೆಯದು. ಸಮತಟ್ಟು ನೋಡಲು ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ: ಯಾವುದೇ 150 ಮಿಮೀ ಉದ್ದದಲ್ಲಿ 0.05, ಪೂರ್ತಿ ಉದ್ದದಲ್ಲಿ 0.10 ಮಿಮೀ ಒಳಗಿರಬೇಕು. ಹಳೆಯ ಗ್ಯಾಸ್ಕೆಟ್ ಕೆರೆಯಲು ಗ್ರೈಂಡರ್‌ಗೆ ಒರಟು ಪ್ಯಾಡ್ ಹಾಕುವ ಅಭ್ಯಾಸ ಅಲ್ಯೂಮಿನಿಯಂಗೆ ವಿಷ. ಕಣ್ಣಿಗೆ ಕಾಣದ ಗುಂಡಿ ಬೀಳುತ್ತದೆ, ಅದರ ಪುಡಿ ಬೇರಿಂಗ್ ತಿನ್ನುತ್ತದೆ.

ವಾಲ್ವ್ ಸಂದು: ಹೈಡ್ರಾಲಿಕ್ ಲಿಫ್ಟರ್ (ಆಯಿಲ್ ಒತ್ತಡದಿಂದ ಸಂದನ್ನು ತಾನೇ ಸರಿಪಡಿಸಿಕೊಳ್ಳುವ ಬಗೆ) ಉಳಿಸಿಕೊಂಡರೆ ಈ ತಲೆಬಿಸಿ ಇಲ್ಲ. ಸಾಲಿಡ್ ಲಿಫ್ಟರ್ ಹಾಕಿದರೆ, ಕ್ಯಾಮ್ ಕಾರ್ಡ್‌ನಲ್ಲಿ (ಕ್ಯಾಮ್ ಜೊತೆ ಬರುವ ಅಳತೆಪಟ್ಟಿ) ಬಿಸಿ ಸಂದು ಎಷ್ಟಿದೆಯೋ ಅದರಿಂದ ತಣ್ಣಗಿನ ಜೋಡಣೆಗೆ 0.30 ಮಿಮೀ ಕಳೆಯಿರಿ. ಕಬ್ಬಿಣದ ಬ್ಲಾಕ್ ಮೇಲೆ ಅಲ್ಯೂಮಿನಿಯಂ ಹೆಡ್ ಇದ್ದರೆ ಕಳೆಯಬೇಕಾದದ್ದು 0.15. ಬ್ಲಾಕ್ ಎತ್ತರಕ್ಕೆ ಬೆಳೆದಷ್ಟು ಉಕ್ಕಿನ ಪುಶ್‌ರಾಡ್ ಬೆಳೆಯುವುದಿಲ್ಲ, ಹಾಗಾಗಿ ಬಿಸಿಯಲ್ಲಿ ಸಂದು ತಾನಾಗಿ ಅಗಲವಾಗುತ್ತದೆ.

ಸ್ಲೀವ್ ಕೇಳಿದಿರಿ. ಹಾಕಿಸಬಹುದು, ಆದರೆ ಬರಿ ಒತ್ತಿ ಕೂರಿಸುವ ನೇರ ಕೊಳವೆ ಬೇಡ. 0.05-0.08 ಮಿಮೀ ಬಿಗಿ ಇಟ್ಟು ಬ್ಲಾಕ್ ಕಾಯಿಸಿ ಇಳಿಸುತ್ತಾರೆ. 93 ಮಿಮೀ ಹೊರವ್ಯಾಸದ ಸಣ್ಣ ಸ್ಲೀವ್ ಸುತ್ತಲೇ, ಎಂಜಿನ್ ಬಿಸಿಯಾದಾಗ ಅಲ್ಯೂಮಿನಿಯಂ 0.07-0.08 ಮಿಮೀ ಹೆಚ್ಚು ಹಿಗ್ಗುತ್ತದೆ. ನಿಮ್ಮ ಬೋರ್‌ಗೆ ಇನ್ನೂ ಹೆಚ್ಚು. ಅಂದರೆ ಹಿಡಿದಿದ್ದ ಬಿಗಿ ಅಲ್ಲಿಗೆ ಕರಗಿತು. ಸ್ಲೀವ್ ಕೆಳಗೆ ಜಾರುತ್ತದೆ, ಗ್ಯಾಸ್ಕೆಟ್ ಮೇಲಿನ ಒತ್ತಡ ಹೋಗುತ್ತದೆ. ಮೇಲೆ ಅಂಚು ಇರುವ ಅಥವಾ ತಳದಲ್ಲಿ ಮೆಟ್ಟಿಲು ಇರುವ ಡಕ್ಟೈಲ್ ಕಬ್ಬಿಣದ ಸ್ಲೀವ್ ಹಾಕಿಸಿ, ಕೂತ ಮೇಲೆ ಡೆಕ್ ಒಂದಿಷ್ಟು ತೆಗೆದು ಎಂಟೂ ಅಂಚು ಒಂದೇ ಮಟ್ಟಕ್ಕೆ ತನ್ನಿ. ಒಂದೇ ಸಿಲಿಂಡರ್‌ಗಾಗಿ ಇಷ್ಟು ಕೆಲಸ ಮಾಡಿಸುವುದಕ್ಕಿಂತ ಬೇರೆ ಬ್ಲಾಕ್ ಹುಡುಕುವುದು ಜಾಣತನ. ಎಂಟಕ್ಕೂ ಹಾಕಿಸಿ ಬೋರ್ ದೊಡ್ಡದು ಮಾಡುವ ಉದ್ದೇಶವಿದ್ದರೆ ಮಾತು ಬೇರೆ.

ಕೂಲಂಟ್: ಅಲ್ಯೂಮಿನಿಯಂ, ಕಬ್ಬಿಣ, ತಾಮ್ರ ಒಂದೇ ನೀರಿನಲ್ಲಿ ಇದ್ದರೆ ಮೊದಲು ಕರಗುವುದು ಅಲ್ಯೂಮಿನಿಯಂ. ನಲ್ಲಿ ನೀರು ಬೇಡ, ಭಟ್ಟಿ ಇಳಿಸಿದ ನೀರು ಅರ್ಧ, ಕೂಲಂಟ್ ಅರ್ಧ. ವೋಲ್ಟ್ ಮೀಟರ್‌ನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ರೇಡಿಯೇಟರ್ ನೀರಿಗೆ (ಲೋಹಕ್ಕೆ ತಾಗದಂತೆ) ಇಟ್ಟು ನೋಡಿ. 0.1 ವೋಲ್ಟ್ ಒಳಗಿದ್ದರೆ ಕ್ಷೇಮ. 0.3 ಬಂದರೆ ಕೂಲಂಟ್ ಸತ್ತಿದೆ ಅಥವಾ ಎಂಜಿನ್ ಅರ್ಥ್ ಸರಿಯಿಲ್ಲ. ಫ್ಯಾನ್, ಪಂಪ್ ಒಂದೊಂದಾಗಿ ಹಾಕುತ್ತ ನೋಡಿದರೆ ಯಾವುದರ ಅರ್ಥ್ ಅನ್ನುವುದೂ ಸಿಗುತ್ತದೆ.

ಬೋರ್‌ಗೇಜ್:

ಟಾರ್ಕ್‌ಪ್ಲೇಟ್ ಅವರು ಹೇಳಿದ್ದಕ್ಕೆ ಎರಡೇ ಸೇರ್ಪಡೆ.

ಎಲ್‌ಕ್ಯೂ9 ಮೂರನೇ ತಲೆಮಾರಿನದು, ಎಲ್‌ಎಸ್2 ನಾಲ್ಕನೆಯದು. ನಾಕ್ ಸೆನ್ಸರ್ (ಎಂಜಿನ್ ಬಡಿತ ಗುರುತಿಸುವ ಸಾಧನ) ಮೊದಲನೆಯದರಲ್ಲಿ ಎರಡು ಸಾಲಿನ ನಡುವಿನ ಕಣಿವೆಯಲ್ಲಿದ್ದರೆ ಎರಡನೆಯದರಲ್ಲಿ ಬ್ಲಾಕಿನ ಪಕ್ಕಕ್ಕೆ ಬಂದಿದೆ. ಕ್ಯಾಮ್ ಸೆನ್ಸರ್ ಹಿಂದಿನಿಂದ ಮುಂದಕ್ಕೆ ಬಂದಿದೆ. ಎಲ್‌ಕ್ಯೂ9ರ ವೈರಿಂಗ್ ಈಗಾಗಲೇ ಕೊಂಡಿದ್ದರೆ ಆ ಎರಡು ತಂತಿಗಳನ್ನು ಉದ್ದ ಮಾಡಬೇಕಾಗುತ್ತದೆ, ಕನೆಕ್ಟರ್ ಕೂಡ ನೋಡಿಕೊಳ್ಳಿ.

ಎರಡನೆಯದು ರಿಂಗ್ ಸಂದು. ಟರ್ಬೊ ಎಂಜಿನ್‌ನಲ್ಲಿ ಮೊದಲು ಒಡೆಯುವುದು ಬ್ಲಾಕ್ ಅಲ್ಲ, ಪಿಸ್ಟನ್ನಿನ ರಿಂಗ್ ಕೂರುವ ಅಂಚು. ಬಿಸಿಗೆ ಮೇಲಿನ ರಿಂಗ್‌ನ ಎರಡು ತುದಿ ಒಂದಕ್ಕೊಂದು ತಾಗಿ ಒತ್ತಿಕೊಂಡರೆ ಆ ಅಂಚು ಕಿತ್ತುಬರುತ್ತದೆ. ಬ್ಲಾಕ್ ಯಾವ ಲೋಹದ್ದಾದರೂ ಇದು ಒಂದೇ. ಈ ಬೋರ್‌ಗೆ ಟರ್ಬೊ ಇಲ್ಲದಿದ್ದಾಗ 0.46 ಮಿಮೀ ಸಾಕು, ಟರ್ಬೊಗೆ 0.60 ಬೇಕು. ಮುಂದೆ ಟರ್ಬೊ ಹಾಕುವುದು ನಿಶ್ಚಯವಾದ್ದರಿಂದ ಈಗಲೇ 0.60ಕ್ಕೆ ಅರ ಹಾಕಿ. ಆಗ ಟರ್ಬೊ ಬಂದ ದಿನ ರಿಂಗ್‌ಗಾಗಿ ಕೆಳಭಾಗ ಮತ್ತೆ ಬಿಚ್ಚಬೇಕಿಲ್ಲ. ಮೊದಲ ಹಂತದಲ್ಲಿ ಆಗುವ ನಷ್ಟ ಗಮನಕ್ಕೆ ಬರುವಷ್ಟಿಲ್ಲ. ಸಂದು ಅಳೆಯುವಾಗಲೂ ಟಾರ್ಕ್ ಪ್ಲೇಟ್ ಬಿಗಿದೇ ಇರಲಿ. ರಿಂಗ್ ಅನ್ನು ಪಿಸ್ಟನ್‌ನಿಂದ ತಳ್ಳಿ 25 ಮಿಮೀ ಒಳಗೆ ನೇರ ಕೂರಿಸಿ ಅಳೆಯಿರಿ. ಎಂಟು ಸಿಲಿಂಡರ್‌ಗೂ ಬೇರೆ ಬೇರೆಯಾಗಿ ಅರ ಹಾಕಿ, ಯಾವ ರಿಂಗ್ ಯಾವ ಬೋರ್‌ನದು ಎಂದು ಗುರುತು ಮಾಡಿಡಿ.